ಬೆಳೆಯುವ ಪಾದ, ಬೆಳೆಯದ ಶೂ

1992ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಅವರು ತೆಗೆದು ಪರಿಶೀಲಿಸಿದ್ದರು. ಬರಿಗಾಲಲ್ಲಿ ಬೆಳೆದ ಮಕ್ಕಳಲ್ಲಿ ಚಪ್ಪಟೆ ಪಾದ ಕಂಡದ್ದು ಶೇ 2.8ರಷ್ಟು ಮಂದಿಗೆ, ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ. ಪಾದರಕ್ಷೆ ತೊಡುವವರಲ್ಲೂ ಬೆರಳು ಮುಚ್ಚುವ ಶೂ ಹಾಕುವ ಮಕ್ಕಳಲ್ಲಿ ಅದು ಎಲ್ಲಕ್ಕಿಂತ ಹೆಚ್ಚು, ಸ್ಯಾಂಡಲ್ ಮತ್ತು ಚಪ್ಪಲಿ ಹಾಕುವವರಲ್ಲಿ ಕಡಿಮೆ. ಎಳೆಯ ವಯಸ್ಸಿನಲ್ಲಿ ಶೂ ತೊಡಿಸುವುದು ಪಾದದ ಕಮಾನು ಸರಿಯಾಗಿ ರೂಪುಗೊಳ್ಳುವುದಕ್ಕೆ ಅಡ್ಡಿ ಎಂಬ ತೀರ್ಮಾನಕ್ಕೆ ಅವರು ಬಂದರು.

ಮಕ್ಕಳ ಪಾದದ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಚರ್ಚೆ ನಡೆದರೂ ಮಣಿಪಾಲದ ಈ ಅಂಕಿಅಂಶ ಇವತ್ತಿಗೂ ಪ್ರಸ್ತಾಪಕ್ಕೆ ಬರುತ್ತದೆ. ಅದೇ ಕರ್ನಾಟಕದಲ್ಲಿ ಈ 30 ವರ್ಷಗಳಲ್ಲಿ ಕಪ್ಪು ಶೂ, ಬಿಳಿ ಸಾಕ್ಸ್ ಖಾಸಗಿ ಶಾಲೆಯಿಂದ ಸರ್ಕಾರಿ ಶಾಲೆಯವರೆಗೆ ಎಲ್ಲ ಮಕ್ಕಳ ಸಮವಸ್ತ್ರದ ಭಾಗವಾಗಿದೆ. ಹಾಗಾದರೆ ದಿನಕ್ಕೆ ಏಳೆಂಟು ಗಂಟೆ ಕಾಲಲ್ಲಿರುವ ಶೂ ಮಗುವಿನ ಪಾದಕ್ಕೆ ಏನು ಮಾಡುತ್ತದೆ? ಪಾದವನ್ನು ರೂಪಿಸುತ್ತದೆ ಎನ್ನುವವರಿದ್ದಾರೆ, ಕೆಡಿಸುತ್ತದೆ ಎನ್ನುವವರಿದ್ದಾರೆ. ಅಳತೆ ಸರಿಯಿದ್ದರೆ ಎರಡೂ ಅಲ್ಲ ಎನ್ನುವವರೂ ಇದ್ದಾರೆ. ಸಿಕ್ಕಿರುವ ಪುರಾವೆಗಳನ್ನು ಜೋಡಿಸಿ ನೋಡಿದರೆ ಮೂರನೆಯವರ ಮಾತಿಗೆ ಹೆಚ್ಚು ತೂಕವಿದೆ. ನಮ್ಮ ಶಾಲೆಗಳೂ ಅಂಗಡಿಗಳೂ ಎಲ್ಲಕ್ಕಿಂತ ಕಡಿಮೆ ಕಿವಿಗೊಟ್ಟಿರುವುದೂ ಅವರ ಮಾತಿಗೇ.

ವರ್ಷಕ್ಕೆ 9 ಮಿಲಿಮೀಟರ್

ವಯಸ್ಕರ ಪಾದದಲ್ಲಿ 26 ಮೂಳೆಗಳಿವೆ. ಹುಟ್ಟಿದ ಮಗುವಿನ ಪಾದದಲ್ಲಿ ಇವುಗಳ ಬಹುಭಾಗ ಇನ್ನೂ ಮೆದುವಾದ ಮೃದ್ವಸ್ಥಿ. ಕಮಾನಿನ ನೆತ್ತಿಯಲ್ಲಿ ಕೂರುವ ಮೂಳೆ ಗಟ್ಟಿಯಾಗತೊಡಗುವುದೇ ಎರಡು ಮೂರು ವರ್ಷವಾದ ಮೇಲೆ. ಅಂಗಾಲಿನ ಒಳಬದಿಯಲ್ಲಿ ಕೊಬ್ಬಿನ ಪದರವೂ ಇರುವುದರಿಂದ ನಡೆಯಲು ಕಲಿತ ಮಕ್ಕಳ ಪಾದ ಚಪ್ಪಟೆಯಾಗಿಯೇ ಕಾಣುತ್ತದೆ. ಅದು ರೋಗವಲ್ಲ.

ಪಾದ ದೇಹಕ್ಕಿಂತ ಮುಂಚೆ ಬೆಳೆದು ಮುಗಿಸುತ್ತದೆ. ಹೆಣ್ಣುಮಗುವಿಗೆ ಸುಮಾರು ಒಂದು ವರ್ಷ, ಗಂಡುಮಗುವಿಗೆ ಒಂದೂವರೆ ವರ್ಷ ತುಂಬುವಾಗ ಪಾದ ಅದರ ಕೊನೆಯ ಉದ್ದದ ಅರ್ಧ ಮುಟ್ಟಿರುತ್ತದೆ. ಅಮೆರಿಕದ ಆಂಡರ್ಸನ್, ಬ್ಲೈಸ್ ಮತ್ತು ಗ್ರೀನ್ 1956ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಐದನೇ ವಯಸ್ಸಿನಿಂದ ಹುಡುಗಿಯರಲ್ಲಿ 12ರವರೆಗೆ, ಹುಡುಗರಲ್ಲಿ 14ರವರೆಗೆ ಪಾದ ವರ್ಷಕ್ಕೆ ಸರಾಸರಿ 9 ಮಿಲಿಮೀಟರ್ ಉದ್ದವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಸೈಜಿನಲ್ಲಿ ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಒಂದು ಇಂಚಿನ ಮೂರನೇ ಒಂದು ಭಾಗ, ಎಂದರೆ ಸುಮಾರು 8.5 ಮಿಲಿಮೀಟರ್. ವರ್ಷಕ್ಕೊಂದು ನಂಬರು ಏರುವುದು ಸಹಜ ಎಂದಾಯಿತು. ಜೂನ್‌ನಲ್ಲಿ ಕಾಲಿಗೆ ಸರಿಯಾಗಿ ಕೂತ ಶೂ ಮಾರ್ಚ್‌ನಲ್ಲಿ ಬೆರಳನ್ನು ಒತ್ತುತ್ತಿರುತ್ತದೆ.

ಮಗು ಅದನ್ನು ಹೇಳುವುದಿಲ್ಲ ಎಂಬುದೇ ಇಲ್ಲಿನ ನಿಜವಾದ ತೊಡಕು. ಎಳೆಯ ಪಾದ ಮೆದುವಾಗಿದ್ದು, ಇಕ್ಕಟ್ಟಿದ್ದರೆ ಬೆರಳು ಮಡಚಿಕೊಂಡು ಒಗ್ಗಿಹೋಗುತ್ತದೆ. ಹಿಮ್ಮಡಿಯಲ್ಲಿ ಶೂ ಕಚ್ಚಿ ಗುಳ್ಳೆ ಎದ್ದರೆ ಅಳುವ ಮಗು ಬೆರಳು ಮಡಚಿದ್ದಕ್ಕೆ ಅಳುವುದಿಲ್ಲ.

ಎಡಬಲವಿಲ್ಲದ ಶೂಗಳಿಂದ ಎಕ್ಸ್-ರೇ ಪೆಟ್ಟಿಗೆಯವರೆಗೆ

ಶೂ ಪಾದದ ಆಕಾರದಲ್ಲಿರಬೇಕು ಎಂಬುದು ಇವತ್ತು ಹೇಳಬೇಕಾಗಿಲ್ಲದ ಮಾತು. ಯುರೋಪಿನಲ್ಲಿ ಅದಕ್ಕಾಗಿ ನೂರು ವರ್ಷ ವಾದಿಸಬೇಕಾಯಿತು. 19ನೇ ಶತಮಾನದ ನಡುಭಾಗದವರೆಗೂ ಅಲ್ಲಿ ಎಷ್ಟೋ ಶೂಗಳನ್ನು ಎಡ ಬಲ ಎಂಬ ವ್ಯತ್ಯಾಸವಿಲ್ಲದೆ ಒಂದೇ ಅಚ್ಚಿನ ಮೇಲೆ ಹೊಲಿಯುತ್ತಿದ್ದರು. ಡಚ್ ಅಂಗರಚನಾ ತಜ್ಞ ಪೆಟ್ರಸ್ ಕ್ಯಾಂಪರ್ 1781ರಲ್ಲಿ ಒಳ್ಳೆಯ ಶೂ ಹೇಗಿರಬೇಕೆಂದು ಒಂದು ಪ್ರಬಂಧವನ್ನೇ ಬರೆದ. 1850ರ ದಶಕದಲ್ಲಿ ಜೂರಿಕ್‌ನ ಹರ್ಮನ್ ಫಾನ್ ಮೆಯರ್, ಹೆಬ್ಬೆರಳಿನ ನಡುವಿನಿಂದ ಹಿಂದಕ್ಕೆ ಎಳೆದ ಗೆರೆ ಹಿಮ್ಮಡಿಯ ನಡುವಿಗೆ ಬರಬೇಕು, ಶೂವಿನ ಅಟ್ಟೆಯನ್ನೂ ಹಾಗೆಯೇ ಕತ್ತರಿಸಬೇಕು ಎಂದು ವಾದಿಸಿದ. ಮುಂದೆ ಚೂಪಾದ ಶೂ ಹೆಬ್ಬೆರಳನ್ನು ಒಳಕ್ಕೆ ತಳ್ಳಿ ಪಾದವನ್ನು ಸೊಟ್ಟ ಮಾಡುತ್ತದೆ ಎಂದು ಅವನು ಕೊಟ್ಟ ವಿವರಣೆ ಈಗಲೂ ನಿಂತಿದೆ.

ಈ ತಿಳಿವಳಿಕೆಯನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಸೈನ್ಯ. ಸೈನಿಕನ ಕಾಲು ಕೆಟ್ಟರೆ ದಂಡು ನಿಲ್ಲುತ್ತದೆ. ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್ 1912ರಲ್ಲಿ ಸೈನಿಕರ ಪಾದ ಮತ್ತು ಶೂ ಕುರಿತು ಪುಸ್ತಕ ಬರೆದ. ಬೆರಳುಗಳಿಗೆ ಜಾಗ ಕೊಡುವ ಅವನ ಅಚ್ಚು ಸೇನೆಯ ಬೂಟಿನ ಮಾದರಿಯಾಯಿತು. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಚಾರ್ಲ್ಸ್ ಬ್ರಾನಕ್ ರೂಪಿಸಿದ ಲೋಹದ ಅಳತೆಪಟ್ಟಿ ಉದ್ದ, ಅಗಲ ಎರಡನ್ನೂ ಒಮ್ಮೆಗೇ ತೋರಿಸುತ್ತಿತ್ತು.

ಅದೇ ಹೊತ್ತಿನಲ್ಲಿ ಬಂದದ್ದು ಶೂ ಅಂಗಡಿಯ ಎಕ್ಸ್-ರೇ ಪೆಟ್ಟಿಗೆ. ಮಗು ಹೊಸ ಶೂ ಹಾಕಿಕೊಂಡು ಪೆಟ್ಟಿಗೆಯ ಕಂಡಿಯೊಳಗೆ ಕಾಲಿಟ್ಟರೆ ಶೂವಿನೊಳಗಿನ ಬೆರಳ ಮೂಳೆಗಳು ಹಸಿರು ಬೆಳಕಿನಲ್ಲಿ ಕಾಣುತ್ತಿದ್ದವು. ಮಗು, ತಾಯಿ, ಅಂಗಡಿಯವ ಮೂವರೂ ಮೇಲಿನಿಂದ ಇಣುಕುತ್ತಿದ್ದರು. ಅಮೆರಿಕ, ಬ್ರಿಟನ್‌ಗಳಲ್ಲಿ ದಶಕಗಳ ಕಾಲ ಇದು ನಡೆಯಿತು. ವಿಕಿರಣದ ಅಪಾಯ ಮನವರಿಕೆಯಾಗಿ 1957ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅದನ್ನು ನಿಷೇಧಿಸಿತು. ಉಳಿದ ಕಡೆಗಳಲ್ಲೂ ಪೆಟ್ಟಿಗೆಗಳು ಮೂಲೆ ಸೇರಿದವು. ಮಗುವಿನ ಪಾದದ ಕಾಳಜಿಯ ಹೆಸರಲ್ಲಿ ಮಗುವಿಗೇ ಅಪಾಯ ತಂದ ಈ ಪ್ರಕರಣವನ್ನು ಮರೆಯಬಾರದು. ತಂದೆತಾಯಿಯ ಆತಂಕ ಅಂಗಡಿಗೆ ಯಾವಾಗಲೂ ಒಳ್ಳೆಯ ವ್ಯಾಪಾರ.

ಶೂ ಪಾದವನ್ನು ತಿದ್ದುತ್ತದೆ ಎಂಬವರು

20ನೇ ಶತಮಾನದ ಬಹುಪಾಲು ಪಶ್ಚಿಮದ ವೈದ್ಯರ ನಂಬಿಕೆ ಹೀಗಿತ್ತು: ಮಗುವಿನ ಪಾದ ಬಲಹೀನ, ಅದಕ್ಕೆ ಆಸರೆ ಬೇಕು. ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಹೆಸರಿನ ಹಿಮ್ಮಡಿ, ಕಮಾನಿನ ಕೆಳಗೆ ಗಟ್ಟಿ ಪಟ್ಟಿ, ಕಣಕಾಲು ಮುಚ್ಚುವ ಬಿಗಿ ಬೂಟು, ಹೀಗೆ ತಿದ್ದುವ ಶೂಗಳ ದೊಡ್ಡ ವಂಶವೇ ಬೆಳೆಯಿತು. ಚಪ್ಪಟೆ ಪಾದ ಎಂದರೆ ಮುಂದೆ ನೋವು, ಸೇನೆಗೆ ಅನರ್ಹತೆ ಎಂಬ ಹೆದರಿಕೆ ಅದರ ಹಿಂದಿತ್ತು.

ಆ ಹೆದರಿಕೆಗೆ ಮೊದಲ ಏಟು ಬಿದ್ದದ್ದು ಸೇನೆಯಿಂದಲೇ. 1947ರಲ್ಲಿ ಕೆನಡಾದ ಹ್ಯಾರಿಸ್ ಮತ್ತು ಬೀತ್ ಸುಮಾರು 3,600 ಸೈನಿಕರ ಪಾದ ಪರೀಕ್ಷೆಯ ವರದಿ ಕೊಟ್ಟರು. ಹಿಮ್ಮಡಿಯ ಸ್ನಾಯು ಬಿಗಿದಿಲ್ಲದ, ಬಾಗುವ ಚಪ್ಪಟೆ ಪಾದ ನಡೆಯುವುದಕ್ಕಾಗಲಿ ಭಾರ ಹೊರುವುದಕ್ಕಾಗಲಿ ಅಡ್ಡಿಯಲ್ಲ ಎಂದು ಅದರಿಂದ ಗೊತ್ತಾಯಿತು. ಎರಡನೇ ಏಟು 1989ರಲ್ಲಿ ಅಮೆರಿಕದ ಡೆನಿಸ್ ವೆಂಗರ್ ಮತ್ತು ಸಂಗಡಿಗರದು. ಬಾಗುವ ಚಪ್ಪಟೆ ಪಾದವಿದ್ದ ಮಕ್ಕಳನ್ನು ಗುಂಪು ಮಾಡಿ ಕೆಲವರಿಗೆ ತಿದ್ದುವ ಶೂ, ಕೆಲವರಿಗೆ ಹಿಮ್ಮಡಿ ಬಟ್ಟಲು, ಕೆಲವರಿಗೆ ಅಳತೆಗೆ ಮಾಡಿಸಿದ ಒಳಪಟ್ಟಿ ಕೊಟ್ಟರು. ಒಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಮೂರು ವರ್ಷ ಕಳೆದ ಮೇಲೆ ನೋಡಿದರೆ ಎಲ್ಲ ಗುಂಪುಗಳ ಪಾದವೂ ಸುಧಾರಿಸಿತ್ತು. ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಕಮಾನನ್ನು ಎತ್ತಿದ್ದು ವಯಸ್ಸು, ಶೂ ಅಲ್ಲ.

ಆಸ್ಟ್ರಿಯಾದಲ್ಲಿ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಬೇರೆ ದಿಕ್ಕಿನಿಂದ ತೋರಿಸಿತು. ಮೂರು ವರ್ಷದವರಲ್ಲಿ ಶೇ 54ರಷ್ಟು ಮಕ್ಕಳಿಗೆ ಚಪ್ಪಟೆ ಪಾದವಿತ್ತು, ಆರು ವರ್ಷದವರಲ್ಲಿ ಶೇ 24ರಷ್ಟು ಮಕ್ಕಳಿಗೆ ಮಾತ್ರ. ನಿಜವಾಗಿ ರೋಗ ಎನ್ನಬಹುದಾದದ್ದು ಶೇ 1ಕ್ಕಿಂತ ಕಡಿಮೆ. ಆದರೂ ಶೇ 10ರಷ್ಟು ಮಕ್ಕಳು ಕಮಾನು ಪಟ್ಟಿ ಹಾಕಿಕೊಂಡಿದ್ದರು. 2022ರ ಕಾಕ್ರೇನ್ ಸಮೀಕ್ಷೆ 16 ಪ್ರಯೋಗಗಳನ್ನು, 1,058 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ನೋವಿಲ್ಲದ ಮಗುವಿಗೆ ದುಬಾರಿ ಒಳಪಟ್ಟಿ ಮಾಡಿಸಲು ಆ ಸಮೀಕ್ಷೆಗೆ ಆಧಾರ ಸಿಗಲಿಲ್ಲ.

ಹಾಗೆಂದು ಈ ಪಂಥವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಮಕ್ಕಳಿಗೆ ಪೊನ್ಸೆಟಿ ಪದ್ಧತಿಯಲ್ಲಿ ಸರಣಿಯಾಗಿ ಪ್ಲಾಸ್ಟರ್ ಪಟ್ಟು ಹಾಕಿ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ವಿಶೇಷ ಶೂ ತೊಡಿಸುವ ಚಿಕಿತ್ಸೆ ಬದುಕನ್ನೇ ಬದಲಿಸುತ್ತದೆ. ಅದು ವೈದ್ಯರ ಕೈಯಲ್ಲಿರುವ ಚಿಕಿತ್ಸೆ. ಆರೋಗ್ಯವಂತ ಮಗುವಿಗೆ ಅಂಗಡಿಯಲ್ಲಿ ಮಾರುವ ‘ಆರ್ಥೋ’ ಶೂವಿಗೂ ಅದಕ್ಕೂ ಸಂಬಂಧವಿಲ್ಲ.

ಬರಿಗಾಲೇ ಸರಿ ಎಂಬವರು

ಬರಿಗಾಲಿನ ಪರ ಇರುವ ವಾದಕ್ಕೂ ನೂರು ದಾಟಿದ ವಯಸ್ಸು. 1905ರಲ್ಲಿ ಅಮೆರಿಕದ ಫಿಲ್ ಹಾಫ್‌ಮನ್, ಸೇಂಟ್ ಲೂಯಿಸ್ ವಿಶ್ವಮೇಳಕ್ಕೆ ಕರೆತಂದಿದ್ದ ಫಿಲಿಪ್ಪೀನ್ಸ್ ಮತ್ತು ಮಧ್ಯ ಆಫ್ರಿಕಾದ ಜನರ 186 ಜೊತೆ ಪಾದಗಳನ್ನು ನೋಡಿ ಬರೆದ. ಎಂದೂ ಶೂ ತೊಡದವರ ಬೆರಳುಗಳು ಬೀಸಣಿಗೆಯಂತೆ ಬಿಡಿಸಿಕೊಂಡಿದ್ದವು. ಕಮಾನಿನ ಎತ್ತರ ತಗ್ಗು ಏನೇ ಇರಲಿ ಪಾದಕ್ಕೆ ತೊಂದರೆಯಿರಲಿಲ್ಲ. ಮನುಷ್ಯರನ್ನು ಮೇಳದಲ್ಲಿ ಪ್ರದರ್ಶನಕ್ಕಿಟ್ಟದ್ದು ನಾಚಿಕೆಗೇಡಿನ ಸಂಗತಿ. ಹಾಫ್‌ಮನ್ ಕಂಡದ್ದನ್ನು ಮಾತ್ರ ನಂತರದವರ ಅಧ್ಯಯನಗಳೂ ಕಂಡವು.

1991ರಲ್ಲಿ ಸಿಯಾಟಲ್‌ನ ಮಕ್ಕಳ ಮೂಳೆ ವೈದ್ಯ ಲಿನ್ ಸ್ಟಹೇಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಪಾದ ಚೆನ್ನಾಗಿ ಬೆಳೆಯುವುದು ಬರಿಗಾಲಿನಲ್ಲಿ, ಶೂವಿನ ಕೆಲಸ ಗಾಯ ಮತ್ತು ಸೋಂಕಿನಿಂದ ಕಾಪಾಡುವುದಷ್ಟೇ, ಆದ್ದರಿಂದ ಶೂ ಆರಿಸುವಾಗ ಬರಿಗಾಲೇ ಮಾದರಿಯಾಗಬೇಕು ಎಂಬುದು ಅವರ ಸಾರಾಂಶ. ಮರುವರ್ಷ ಮಣಿಪಾಲದ ವರದಿ ಬಂತು. 1995ರಲ್ಲಿ ಸಚ್ಚಿದಾನಂದಂ ಮತ್ತು ಜೋಸೆಫ್ ಬೆಳವಣಿಗೆ ಮುಗಿದ 1,846 ಮಂದಿಯನ್ನು ಪರೀಕ್ಷಿಸಿದರು. ಆರು ವರ್ಷಕ್ಕೂ ಮುಂಚೆ ಶೂ ತೊಡಲು ಶುರು ಮಾಡಿದವರಲ್ಲಿ ಚಪ್ಪಟೆ ಪಾದ ಶೇ 3.24, ಹದಿನಾರಕ್ಕೆ ಶುರು ಮಾಡಿದವರಲ್ಲಿ ಶೇ 1.75. ಬಾಲ್ಯದಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಹೊತ್ತು ಪಾದರಕ್ಷೆ ಹಾಕಿಕೊಂಡವರಲ್ಲಿ ಅದು ಎಲ್ಲರಿಗಿಂತ ಹೆಚ್ಚು.

ಈ ಎರಡನೇ ವರದಿಯನ್ನು ಎರಡು ಬಗೆಯಲ್ಲಿ ಓದಬಹುದು. ಬೇಗ ಶೂ ತೊಟ್ಟವರಲ್ಲಿ ಚಪ್ಪಟೆ ಪಾದ ಹತ್ತಿರ ಹತ್ತಿರ ಎರಡರಷ್ಟು ಎಂಬುದು ನಿಜ. ಹಾಗೆ ತೊಟ್ಟವರಲ್ಲೂ ನೂರಕ್ಕೆ ಸುಮಾರು 97 ಜನರ ಪಾದ ಕಮಾನು ಪಡೆದಿತ್ತು ಎಂಬುದೂ ನಿಜ. ಹೆದರಿಸುವವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

2017ರಲ್ಲಿ ಕಾರ್ಸ್ಟನ್ ಹೊಲಾಂಡರ್ ಮತ್ತು ಸಂಗಡಿಗರು ದಕ್ಷಿಣ ಆಫ್ರಿಕಾ ಮತ್ತು ಜರ್ಮನಿಯ 810 ಮಕ್ಕಳನ್ನು ಹೋಲಿಸಿದರು. ದಕ್ಷಿಣ ಆಫ್ರಿಕಾದಲ್ಲಿ ಶಾಲೆಗೂ ಬರಿಗಾಲಲ್ಲಿ ಹೋಗುವುದು ರೂಢಿ. ಬರಿಗಾಲಿನ ಮಕ್ಕಳ ಕಮಾನು ಎತ್ತರವಿತ್ತು. ಅದೇ ಯೋಜನೆಯ ಮುಂದಿನ ವರದಿಯಲ್ಲಿ ಅವರು ಸಮತೋಲನದಲ್ಲಿ, ನಿಂತಲ್ಲಿಂದ ಹಾರುವುದರಲ್ಲಿ ಮುಂದಿದ್ದರೆ, ಓಟದಲ್ಲಿ ಶೂ ತೊಡುವ ಜರ್ಮನ್ ಮಕ್ಕಳು ಮುಂದಿದ್ದರು. ಅಂಗಾಲು ದಪ್ಪಗಾದರೆ ನೆಲದ ಸ್ಪರ್ಶ ಗೊತ್ತಾಗುವುದಿಲ್ಲ ಎಂಬ ನಂಬಿಕೆಯೂ ಅಲುಗಾಡಿದೆ. ಕೆನ್ಯಾದಲ್ಲಿ ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಪ್ಪ ಚರ್ಮ ಸ್ಪರ್ಶವನ್ನು ಮಂಕು ಮಾಡಿರಲಿಲ್ಲ.

ಈ ಪಂಥವನ್ನೂ ಮಾರುಕಟ್ಟೆ ಬಿಡಲಿಲ್ಲ. ಬೆರಳುಗಳಿರುವ ತೆಳು ಶೂ ಮಾರುತ್ತಿದ್ದ ವೈಬ್ರಮ್ ಕಂಪನಿ, ಅದು ಪಾದವನ್ನು ಬಲಪಡಿಸುತ್ತದೆ ಎಂಬ ಜಾಹೀರಾತಿನ ಮೇಲಿನ ಮೊಕದ್ದಮೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಬರಿಗಾಲಿನ ಬೆಲೆ ಕೊಟ್ಟವರು

ಆಯ್ಕೆಯಿಂದ ಬರಿಗಾಲಲ್ಲಿರುವುದು ಬೇರೆ, ಗತಿಯಿಲ್ಲದೆ ಇರುವುದು ಬೇರೆ. 1898ರಲ್ಲಿ ಕೈರೋದಲ್ಲಿದ್ದ ಆರ್ಥರ್ ಲೂಸ್, ಕೊಕ್ಕೆಹುಳು ಚರ್ಮದ ಮೂಲಕವೇ ದೇಹ ಸೇರುತ್ತದೆ ಎಂದು ಕಂಡುಹಿಡಿದ. ಮಲದಿಂದ ಕೆಟ್ಟ ಮಣ್ಣಿನಲ್ಲಿ ಬರಿಗಾಲಿಡುವ ಮಗುವಿನ ಕರುಳು ಸೇರಿ ಅದು ರಕ್ತ ಹೀರುತ್ತದೆ. 1909ರಲ್ಲಿ ರಾಕ್‌ಫೆಲರ್ ಕೊಟ್ಟ ಹತ್ತು ಲಕ್ಷ ಡಾಲರಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆರಂಭವಾದ ಆಂದೋಲನ, ಪರೀಕ್ಷಿಸಿದ ಶಾಲಾ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಂದಿಯಲ್ಲಿ ಈ ಹುಳುವನ್ನು ಕಂಡಿತು. ಔಷಧಿ, ಶೌಚಾಲಯ, ಶೂ ಈ ಮೂರೂ ಅದರ ಸಂದೇಶವಾಗಿದ್ದವು. ಭಾರತದ ಶಾಲೆ ಅಂಗನವಾಡಿಗಳಲ್ಲಿ 2015ರಿಂದ ಜಂತುಹುಳು ನಿವಾರಣಾ ದಿನದಂದು ಕೊಡುತ್ತಿರುವ ಅಲ್ಬೆಂಡಜೋಲ್ ಮಾತ್ರೆ ಇದೇ ಹೋರಾಟದ ಮುಂದುವರಿಕೆ. ಇಥಿಯೋಪಿಯಾದ ಜ್ವಾಲಾಮುಖಿ ಮಣ್ಣಿನ ಪ್ರದೇಶಗಳಲ್ಲಿ ಬರಿಗಾಲಲ್ಲಿ ದುಡಿಯುವವರ ಕಾಲು ಬಾತುಹೋಗುವ ಪೊಡೊಕೊನಿಯೋಸಿಸ್ ಎಂಬ ಕಾಯಿಲೆಯಿದೆ. ಅದನ್ನು ತಡೆಯಲು ಬೇಕಾದದ್ದು ಚಿಕ್ಕಂದಿನಿಂದ ಶೂ ಮತ್ತು ಕಾಲು ತೊಳೆಯಲು ನೀರು.

ಹಾವಿನ ಮಾತೂ ಇದೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜು. ಹೆಚ್ಚಿನ ಕಡಿತ ಕಾಲಿಗೇ. ಗದ್ದೆಯ ಬದುವಿನ ಮೇಲೆ ಶಾಲೆಗೆ ನಡೆಯುವ ಮಗುವಿಗೆ ಬರಿಗಾಲಿನ ಗುಣಗಾನ ಹೇಳುವ ಮುನ್ನ ಯೋಚಿಸಬೇಕು.

ಅದಕ್ಕಿಂತ ಆಳವಾದದ್ದು ಮಾನದ ಪ್ರಶ್ನೆ. ಮೇಲ್ಜಾತಿಯವರ ಕೇರಿಯಲ್ಲಿ ದಲಿತರು ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ, ಕೈಯಲ್ಲಿ ಹಿಡಿದು ದಾಟಬೇಕಿತ್ತು. ಶೂ ಹೊಲಿದು ಕೊಟ್ಟವರ ಮಕ್ಕಳಿಗೇ ಶೂ ನಿಷಿದ್ಧವಾಗಿದ್ದ ನಾಡಿನಲ್ಲಿ, ಎಲ್ಲ ಮಕ್ಕಳೂ ಒಂದೇ ಬಗೆಯ ಕಪ್ಪು ಶೂ ಹಾಕಿಕೊಂಡು ಸಾಲಿನಲ್ಲಿ ನಿಲ್ಲುವುದಕ್ಕೆ ಕಮಾನಿನ ಲೆಕ್ಕಕ್ಕೆ ಸಿಗದ ಅರ್ಥವಿದೆ. ಬರಿಗಾಲಿನ ಪಂಥದ ವೈದ್ಯರ ಮಾತು ಪಾದದ ಮಟ್ಟಿಗೆ ಸರಿಯಾಗಿರಬಹುದು. ಆದರೆ ಶೂ ಬೇಡ ಎಂಬ ತೀರ್ಮಾನಕ್ಕೆ ಅದು ಸಾಲದು.

ಎಲ್ಲಕ್ಕೂ ಮೊದಲು ಅಳತೆ

ಹಾಗಾದರೆ ಎಂಥ ಶೂ? ಮೂರನೇ ಪಂಥ ಶುರುವಾಗುವುದು ಇಲ್ಲಿಂದ. ಜರ್ಮನಿಯಲ್ಲಿ 1970ರ ದಶಕದಲ್ಲೇ ಮಕ್ಕಳ ಶೂಗಳನ್ನು ಅಗಲ, ಮಧ್ಯಮ, ಕಿರಿದು ಎಂದು ಮೂರು ಅಗಲಗಳಲ್ಲಿ ಮಾಡುವ ಪದ್ಧತಿ ಬಂತು. ಬೆರಳ ಮುಂದೆ 12 ಮಿಲಿಮೀಟರ್ ಜಾಗ ಬಿಡಬೇಕೆಂಬುದು ಅದರ ನಿಯಮ. ನಡೆಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಅದಕ್ಕೆ ಸ್ವಲ್ಪ. ಬೆಳೆಯುವುದಕ್ಕೆ ಉಳಿದದ್ದು.

ನಿಯಮವಿದ್ದರೂ ಆಗುತ್ತಿರುವುದೇನು ಎಂದು ಆಸ್ಟ್ರಿಯಾದಲ್ಲಿ ಶಾಲೆ ಸೇರುವ ಮುಂಚಿನ 858 ಮಕ್ಕಳ ಪಾದವನ್ನೂ ಶೂವಿನ ಒಳ ಅಳತೆಯನ್ನೂ ನೋಡಿ 2009ರಲ್ಲಿ ಪ್ರಕಟಿಸಿದರು. ಹೊರಗೆ ಹಾಕುವ ಶೂಗಳಲ್ಲಿ ಶೇ 69.4, ಒಳಗೆ ಹಾಕುವ ಶೂಗಳಲ್ಲಿ ಶೇ 88.8 ಉದ್ದ ಸಾಲದವು! ಹೆಬ್ಬೆರಳು ನೆಟ್ಟಗಿದ್ದದ್ದು ನಾಲ್ಕರಲ್ಲಿ ಒಂದು ಮಗುವಿಗೂ ಇಲ್ಲ. ಶೂ ಗಿಡ್ಡವಾದಷ್ಟೂ ಹೆಬ್ಬೆರಳು ಹೆಚ್ಚು ಓರೆಯಾಗಿತ್ತು. ಅಷ್ಟು ಅನುಕೂಲವಿರುವ ದೇಶದ ಸ್ಥಿತಿ ಇದು.

ಭಾರತದಲ್ಲಿ ತೊಡಕು ಇನ್ನೂ ಒಂದು ಮೆಟ್ಟಿಲು ಹಿಂದೆ ಇದೆ. ನಾವು ಬಳಸುವ ನಂಬರುಗಳೇ ನಮ್ಮ ಪಾದಗಳನ್ನು ನೋಡಿ ಮಾಡಿದವಲ್ಲ. ಬ್ರಿಟಿಷ್ ಪದ್ಧತಿಯಲ್ಲಿ ಮಕ್ಕಳ ಸೈಜು 13ಕ್ಕೆ ಮುಗಿದು ಮತ್ತೆ 1ರಿಂದ ಶುರುವಾಗುತ್ತದೆ. ಒಂದು ಕಂಪನಿಯ 2ನೇ ನಂಬರಿಗೂ ಇನ್ನೊಂದರ 2ನೇ ನಂಬರಿಗೂ ಹೊಂದಾಣಿಕೆಯಿರುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಮೂರು ಆಯಾಮದ ಯಂತ್ರದಲ್ಲಿ ಅಳೆಯಿತು. ಭಾರತೀಯರ ಪಾದ ಅಗಲ ಹೆಚ್ಚು ಎಂಬುದು ಅದರ ಮುಖ್ಯ ತೀರ್ಮಾನ. ಕಿರಿದಾದ ಶೂವಿನಲ್ಲಿ ಅಗಲ ಸಾಲದೆ ಜನ ಒಂದು ನಂಬರು ದೊಡ್ಡದು ಕೊಳ್ಳುತ್ತಾರೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಸಡಿಲವಾಗುತ್ತದೆ, ಪಾದ ಒಳಗೇ ಜಾರಾಡುತ್ತದೆ. ಹುಡುಗಿಯರ ಪಾದದ ಬೆಳವಣಿಗೆ ಸುಮಾರು 11ಕ್ಕೆ, ಹುಡುಗರದು 15–16ಕ್ಕೆ ತುದಿ ಮುಟ್ಟುತ್ತದೆ ಎಂದೂ ಅದು ಕಂಡಿತು. ಇದರ ಆಧಾರದ ಮೇಲೆ ‘ಭಾ’ ಎಂಬ ಹೆಸರಿನಲ್ಲಿ ವಯಸ್ಸಿನ ಗುಂಪುಗಳಂತೆ ಎಂಟು ವಿಭಾಗಗಳ ಭಾರತೀಯ ಅಳತೆ ಪದ್ಧತಿಯನ್ನು ಸೂಚಿಸಲಾಗಿದೆ.

ಬೆಳೆಯುವ ಶೂವನ್ನೇ ಮಾಡುವ ಪ್ರಯತ್ನವೂ ನಡೆದಿದೆ. ನೈರೋಬಿಯಲ್ಲಿ ಶೂವಿನ ತುದಿ ಕತ್ತರಿಸಿ ಬೆರಳು ಹೊರಬಿಟ್ಟುಕೊಂಡಿದ್ದ ಹುಡುಗಿಯನ್ನು 2007ರಲ್ಲಿ ಕಂಡ ಅಮೆರಿಕದ ಕೆಂಟನ್ ಲೀ, ಐದು ಸೈಜುಗಳವರೆಗೆ ಹಿಗ್ಗಿಸಬಹುದಾದ ಸ್ಯಾಂಡಲ್ ರೂಪಿಸಿದ.

ಶಾಲೆ, ಸರ್ಕಾರ ಮತ್ತು ಒಂದು ಜೊತೆ ಶೂ

ಬಾಟಾ ಕಂಪನಿ 1930ರ ದಶಕದಲ್ಲಿ ಕೋಲ್ಕತ್ತ ಬಳಿ ಬಾಟಾನಗರ ಕಟ್ಟಿದ ಮೇಲೆ ಕಾರ್ಖಾನೆಯ ಶೂ ಮಧ್ಯಮ ವರ್ಗದ ಕೈಗೆ ಬಂತು. ಕಾನ್ವೆಂಟ್ ಮಕ್ಕಳ ಕಪ್ಪು ಶೂ, ಪಿ.ಟಿ. ದಿನದ ಬಿಳಿ ಕ್ಯಾನ್ವಾಸ್ ಶೂ, ಅದರ ಕಲೆ ಮುಚ್ಚಲು ಉಜ್ಜುವ ಬಳಪ ಒಂದಿಡೀ ತಲೆಮಾರಿನ ನೆನಪು. ಸರ್ಕಾರಿ ಶಾಲೆಯ ಮಕ್ಕಳಿಗೆ ಅದು ದೂರವೇ ಇತ್ತು.

2015–16ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ‘ಶೂ ಭಾಗ್ಯ’ ಪ್ರಕಟಿಸಿತು. ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್. ಹಣ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಬರುತ್ತದೆ, ಖರೀದಿ ಸ್ಥಳೀಯವಾಗಿ. ನಿಗದಿಯಾದ ದರ 1ರಿಂದ 5ನೇ ತರಗತಿಗೆ ₹265, 6ರಿಂದ 8ಕ್ಕೆ ₹295, 9 ಮತ್ತು 10ಕ್ಕೆ ₹325. 2019ರಲ್ಲಿ ಕೊಪ್ಪಳದ ವಿದ್ಯಾರ್ಥಿಯೊಬ್ಬನ ಅರ್ಜಿಯ ಮೇಲೆ ಹೈಕೋರ್ಟ್ ಸಮವಸ್ತ್ರದ ಜೊತೆ ಶೂ, ಸಾಕ್ಸ್ ಕೊಡುವುದೂ ಸರ್ಕಾರದ ಹೊಣೆ ಎಂದಿತು. ಕೋವಿಡ್‌ನ ಎರಡು ವರ್ಷ ಯೋಜನೆ ನಿಂತಿತ್ತು. 2022ರಲ್ಲಿ ಶಾಲೆ ಮೇ 16ಕ್ಕೇ ಶುರುವಾದರೂ ಶೂಗಳಿಗೆ ₹132 ಕೋಟಿ ಮಂಜೂರಾದದ್ದು ಜುಲೈನಲ್ಲಿ.

ಈ ಯೋಜನೆಯ ಬಗ್ಗೆ ನಡೆದ ಚರ್ಚೆಯೆಲ್ಲ ಹಣ ಬಂತೇ, ಗುಣಮಟ್ಟ ಇತ್ತೇ ಎಂಬುದರ ಸುತ್ತ. ಎರಡೂ ಮುಖ್ಯವೇ. ಆದರೆ ದರ ನಿಗದಿಯಾಗಿರುವುದು ತರಗತಿಯನ್ನು ನೋಡಿ, ಶೂ ಹೋಗಬೇಕಾದದ್ದು ಪಾದವನ್ನು ನೋಡಿ. ಒಂದೇ ತರಗತಿಯ ಮಕ್ಕಳ ಪಾದಗಳಲ್ಲಿ ನಾಲ್ಕೈದು ನಂಬರುಗಳ ವ್ಯತ್ಯಾಸವಿರುವುದು ಸಾಮಾನ್ಯ. ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಶೂ ಬದಲು ಸ್ಯಾಂಡಲ್ ಕೊಳ್ಳಲು ಸುತ್ತೋಲೆಗಳೇ ಅವಕಾಶ ಕೊಟ್ಟಿವೆ. ಮಲೆನಾಡು, ಕರಾವಳಿಯ ಶಾಲೆಗಳು ಇದನ್ನು ಬಳಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಸಾಕ್ಸಿನೊಳಗೆ ಬೆಂದ ಬೆರಳಸಂದಿಗಳಲ್ಲಿ ಕೆಸರುಹುಣ್ಣು ಏಳುವುದನ್ನು ತಡೆಯಲು ಬೇರೆ ಔಷಧಿ ಬೇಡ. ಖಾಸಗಿ ಶಾಲೆಗಳಂತೂ ಮಳೆಗಾಲದಲ್ಲೂ ಮುಚ್ಚಿದ ಶೂವಿಗೇ ಪಟ್ಟು ಹಿಡಿಯುವುದನ್ನು ಬಿಡಬೇಕು. ಜಪಾನಿನ ಶಾಲೆಗಳಲ್ಲಿ ಹೊರಗಿನ ಶೂ ಬಾಗಿಲಲ್ಲಿ ಬಿಟ್ಟು ಮೆತ್ತನೆಯ ಒಳಶೂ ಹಾಕಿಕೊಂಡೇ ಮಕ್ಕಳು ಕಲಿಯುತ್ತಾರೆ, ನ್ಯೂಜಿಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಬರಿಗಾಲು ಮಾಮೂಲು. ಶಿಸ್ತು ಎರಡೂ ಕಡೆ ಕೆಟ್ಟಿಲ್ಲ.

ಅಂಗಡಿಯಲ್ಲಿ, ಮನೆಯಲ್ಲಿ

ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೆಬ್ಬೆರಳಿನ ಪರೀಕ್ಷೆ: ಶೂವಿನ ತುದಿ ಒತ್ತಿ ನೋಡಿ ‘ಜಾಗ ಇದೆ’ ಎನ್ನುವುದು. ಒತ್ತಿದಾಗ ಮಗು ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಇಲ್ಲದ ಜಾಗ ಇದ್ದಂತೆ ಕಾಣುತ್ತದೆ. ಇದಕ್ಕಿಂತ ನಂಬಬಹುದಾದ ದಾರಿ ಮನೆಯಲ್ಲೇ ಇದೆ. ಸಂಜೆ ಹೊತ್ತು, ಪಾದ ಸ್ವಲ್ಪ ಉಬ್ಬಿರುವಾಗ, ಮಗುವನ್ನು ರಟ್ಟಿನ ಮೇಲೆ ನಿಲ್ಲಿಸಿ ಎರಡೂ ಪಾದಗಳ ಗೆರೆ ಎಳೆಯಬೇಕು. ಕೂತಾಗ ಅಲ್ಲ, ನಿಂತಾಗ. ಭಾರ ಬಿದ್ದಾಗಲೇ ಪಾದ ಪೂರ್ತಿ ಉದ್ದವಾಗುವುದು. ಎರಡು ಪಾದ ಒಂದೇ ಅಳತೆಯಲ್ಲಿರುವುದು ಅಪರೂಪ, ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅತಿ ಉದ್ದದ ಬೆರಳಿನಿಂದ ಮುಂದಕ್ಕೆ 12 ಮಿಲಿಮೀಟರ್ ಸೇರಿಸಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿಕೊಂಡರೆ ಅಂಗಡಿಯಲ್ಲಿ ಅದನ್ನು ಶೂವಿನೊಳಗೆ ತೂರಿಸಿ ನೋಡಬಹುದು. ಮಡಚದೆ ಹಿಡಿದರೆ ಉದ್ದ ಸರಿ. ಒಳಅಟ್ಟೆ ತೆಗೆಯುವಂತಿದ್ದರೆ ಅದರ ಮೇಲೆ ಮಗುವನ್ನು ನಿಲ್ಲಿಸಿದರೆ ಅಗಲವೂ ಗೊತ್ತಾಗುತ್ತದೆ.

ಶೂ ಬಾಗಬೇಕಾದದ್ದು ಬೆರಳುಗಳ ಬುಡದಲ್ಲಿ, ನಡುವಿನಲ್ಲಲ್ಲ. ಲೇಸು, ವೆಲ್ಕ್ರೊ ಅಥವಾ ಬಕಲ್ ಇರಲಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರುತ್ತದೆ. ರೆಕ್ಸಿನ್‌ಗಿಂತ ಚರ್ಮ, ಕ್ಯಾನ್ವಾಸ್ ಗಾಳಿಯಾಡುತ್ತವೆ. ನೈಲಾನ್‌ಗಿಂತ ಹತ್ತಿ ಸಾಕ್ಸ್ ಒಳ್ಳೆಯದು. ಸಾಕ್ಸ್ ಗಿಡ್ಡವಾದರೂ ಬೆರಳು ಮಡಚುತ್ತದೆ ಎಂಬುದನ್ನು ಎಷ್ಟೋ ಮನೆಗಳಲ್ಲಿ ಗಮನಿಸುವುದಿಲ್ಲ. ಉಗುರನ್ನು ನೇರಕ್ಕೆ ಕತ್ತರಿಸಬೇಕು, ಮೂಲೆ ಕೆರೆದರೆ ಅದು ಮಾಂಸದೊಳಗೆ ಬೆಳೆಯುತ್ತದೆ. ಅಣ್ಣನ ಹಳೆಯ ಶೂ ತಮ್ಮನಿಗೆ ಬರುವ ಮನೆಗಳಲ್ಲಿ ಹಿಮ್ಮಡಿ ಒಂದು ಬದಿಗೆ ಸವೆದಿಲ್ಲವೇ ಎಂದು ನೋಡಿ ಕೊಡಬೇಕು. ಮನೆಗೆ ಬಂದ ಕೂಡಲೇ ಶೂ ಬಿಚ್ಚಿಸಿ ಅಂಗಳದಲ್ಲೋ ಮನೆಯೊಳಗೋ ಬರಿಗಾಲಲ್ಲಿ ಆಡಲು ಬಿಡುವುದು ನಮ್ಮ ಮನೆಗಳ ಹಳೆಯ ರೂಢಿ. ಸ್ಟಹೇಲಿಯವರ ಸಲಹೆಗೆ ಇದು ಚೆನ್ನಾಗಿ ಒಪ್ಪುತ್ತದೆ.

ಮಗು ತುದಿಗಾಲಲ್ಲಿ ನಿಂತಾಗ ಕಮಾನು ಮೂಡಿದರೆ ಆ ಚಪ್ಪಟೆ ಪಾದದ ಚಿಂತೆ ಬೇಡ. ಆಗಲೂ ಮೂಡದಿದ್ದರೆ, ಒಂದೇ ಪಾದ ಚಪ್ಪಟೆಯಾಗಿದ್ದರೆ, ನೋವು ಅಥವಾ ಕುಂಟು ಇದ್ದರೆ ಮೂಳೆ ವೈದ್ಯರಿಗೆ ತೋರಿಸಬೇಕು. ಎಂಟರಿಂದ ಹದಿನಾಲ್ಕರ ಆಟದ ಮಕ್ಕಳಿಗೆ ಬರುವ ಹಿಮ್ಮಡಿ ನೋವು ಹೆಚ್ಚಾಗಿ ಬೆಳವಣಿಗೆಗೆ ಸೇರಿದ್ದು, ವಿಶ್ರಾಂತಿಯಿಂದ ಇಳಿಯುತ್ತದೆ.

ತೀರ್ಮಾನವಾಗದೆ ಉಳಿದದ್ದು

ಶೂ ತೊಟ್ಟಿದ್ದರಿಂದಲೇ ಕಮಾನು ಇಳಿಯಿತೇ? ಮಣಿಪಾಲದ ಅಧ್ಯಯನ ಸಂಬಂಧವನ್ನು ತೋರಿಸಿತು, ಕಾರಣವನ್ನು ಸಾಬೀತು ಮಾಡಿದ್ದಲ್ಲ. ಬರಿಗಾಲಿನ ಮಕ್ಕಳು ಹೆಚ್ಚು ನಡೆಯುವವರು, ತೆಳ್ಳಗಿರುವವರು, ಮಣ್ಣಿನ ನೆಲದ ಮೇಲೆ ಆಡುವವರು ಆಗಿರುವ ಸಾಧ್ಯತೆ ಹೆಚ್ಚು. ಶೂ ಹಾಕಿದಾಗ ಮಕ್ಕಳು ಉದ್ದ ಹೆಜ್ಜೆ ಹಾಕುತ್ತಾರೆ, ಪಾದದೊಳಗಿನ ಕೀಲುಗಳ ಚಲನೆ ಕಡಿಮೆಯಾಗುತ್ತದೆ ಎಂದು ಸಿಡ್ನಿಯ ವೆಗೆನರ್ ಮತ್ತು ಸಂಗಡಿಗರ 2011ರ ಸಮೀಕ್ಷೆ ತೋರಿಸಿದೆ. ವರ್ಷಾನುಗಟ್ಟಲೆ ಹಾಗೆ ನಡೆದರೆ ಬೆಳೆಯುವ ಪಾದಕ್ಕೆ ಏನಾಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಚಪ್ಪಟೆ ಪಾದವೇ ದೋಷವೋ, ಎತ್ತರ ಗಿಡ್ಡದಂತೆ ಒಂದು ವ್ಯತ್ಯಾಸವೋ ಎಂಬ ಪ್ರಶ್ನೆಯೂ ತೆರೆದೇ ಇದೆ. ಹ್ಯಾರಿಸ್ ಮತ್ತು ಬೀತ್ ಹೇಳಿದ್ದು ನಿಜವಾದರೆ ಕಮಾನಿನ ಎತ್ತರವನ್ನೇ ಅಳತೆಗೋಲಾಗಿ ಹಿಡಿದ ಎಷ್ಟೋ ಅಧ್ಯಯನಗಳು ತಪ್ಪು ಪ್ರಶ್ನೆ ಕೇಳಿದಂತಾಯಿತು. ತೆಳು ಅಟ್ಟೆಯ ಶೂ ನಮ್ಮ ಕಾಂಕ್ರೀಟ್ ಅಂಗಳಗಳ ಮೇಲೆ ಆಡುವ ಮಗುವಿಗೆ ಹಿತವೇ ಎಂಬುದರ ಬಗ್ಗೆ ವಯಸ್ಕ ಓಟಗಾರರ ಮೇಲಿನ ಪ್ರಯೋಗಗಳಿಂದ ಉತ್ತರ ಎಳೆಯಲಾಗದು. ಭಾರತೀಯ ಅಳತೆ ಪದ್ಧತಿ ಜಾರಿಗೆ ಬಂದರೂ ಕಡಿಮೆ ದರದ ಶೂಗಳಲ್ಲಿ ಬೇರೆ ಬೇರೆ ಅಗಲ ಸಿಗುತ್ತದೆಯೇ ಎಂಬುದು ಇನ್ನೊಂದು. ವರ್ಷದ ನಡುವೆ ಪಾದ ಬೆಳೆದ ಮಗುವಿಗೆ ಎರಡನೇ ಜೊತೆ ಯಾರು ಕೊಡಬೇಕು ಎಂಬುದನ್ನಂತೂ ಯಾವ ಸುತ್ತೋಲೆಯೂ ಕೇಳಿಕೊಂಡಿಲ್ಲ.

ಇವಕ್ಕೆಲ್ಲ ಉತ್ತರ ಬರುವವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. ಶೂ ಖರೀದಿಗೆ ಮುನ್ನ ಪ್ರತಿ ಮಗುವಿನ ಪಾದ ಅಳೆದು ಬರೆದಿಡಲು ಎಸ್‌ಡಿಎಂಸಿಗೆ ಬೇಕಾದದ್ದು ಒಂದು ಅಳತೆಪಟ್ಟಿ, ಒಂದು ಹಾಜರಿ ಪುಸ್ತಕ, ಒಂದು ಮಧ್ಯಾಹ್ನ. ದಸರಾ ರಜೆ ಮುಗಿದ ಮೇಲೆ ಅದನ್ನೇ ಇನ್ನೊಮ್ಮೆ ಮಾಡಿದರೆ ಯಾರ ಶೂ ಗಿಡ್ಡವಾಗಿದೆ ಎಂದು ಪಟ್ಟಿ ಸಿದ್ಧವಾಗುತ್ತದೆ. ಪೋಷಕರು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಕೇಳಬೇಕು.